ಅಂಗಡಿ ಕಟ್ಟೆಯಿಂದ: ಗಂಟಿಲ್ಲದ ಬೇನೆ, ಓದದೆ ಇಟ್ಟ ಕಾಗದ



ಹೋದ ಸಂಚಿಕೆಯಲ್ಲಿ ಉದ್ರಿ ವ್ಯವಹಾರದ ಬಗ್ಗೆ ಬರೆದಿದ್ದೆವು. ಬಹಳ ಜನ ವಾಚಕರು ಪತ್ರ ಬರೆದು ಮೆಚ್ಚಿಕೊಂಡಿರಿ. ಈ ಸಲ ಅಂಗಡಿಯ ಮಾತಲ್ಲ, ಮನೆಯ ಮಾತು. ಅದೂ ಹೆಣ್ಣುಮಕ್ಕಳ ಎದೆಯ ಕಾಯಿಲೆಯ ಮಾತು. ಮ್ಯಾಟ್ರಿಕ್ ತನಕ ಓದಿದ ಕಿರಾಣಿ ವ್ಯಾಪಾರಿ ಇದನ್ನೇಕೆ ಬರೆಯುತ್ತಾನೆ ಎಂದು ಕೆಲವರಿಗೆ ಅನಿಸಬಹುದು. ಗಂಡಸರು ಆಡಬಾರದ ಮಾತೆಂದು ಹಿರಿಯರಿಗೆ ಸಂಕೋಚವೂ ಆಗಬಹುದು. ಆ ಸಂಕೋಚಕ್ಕೆ ನಮ್ಮ ಮನೆ ಒಮ್ಮೆ ಬೆಲೆ ಕೊಟ್ಟಿದೆ. ಅದಕ್ಕಾಗಿಯೇ ಬರೆಯುತ್ತಿದ್ದೇವೆ.

ನಮ್ಮ ತಂಗಿ ಚಿಕ್ಕ ವಯಸ್ಸಿನಲ್ಲೇ ಯಜಮಾನರನ್ನು ಕಳೆದುಕೊಂಡು, ಒಬ್ಬ ಮಗಳನ್ನು ಕಟ್ಟಿಕೊಂಡು ಹುಲಜಂತಿಯ ನಮ್ಮ ಮನೆಯಲ್ಲೇ ಇದ್ದಳು. 2018ರ ದಸರೆಯ ಸಮಯ. ಆಗ ಅವಳಿಗೆ 48 ವರ್ಷ. ಎಡಗಡೆಯ ಎದೆ ಕೆಂಪಾಗಿ, ಬಿಸಿಯಾಗಿ, ಭಾರವಾಗಿದೆ ಎಂದು ನಮ್ಮ ಮನೆಯವರ ಮುಂದೆ ಹೇಳಿದಳು. ನಮ್ಮ ಕಿವಿಗೆ ಆ ಮಾತು ಬಿದ್ದದ್ದು ನಾಲ್ಕು ದಿನದ ಮೇಲೆ. ಅಣ್ಣನ ಮುಂದೆ ಇಂಥದ್ದನ್ನು ಹೇಗೆ ಹೇಳುವುದು ಎಂದು ಅವಳಿಗೆ ನಾಚಿಕೆ. ಹತ್ತಿರದ ಊರಿನ ಒಬ್ಬ ವೈದ್ಯರಿಗೆ ತೋರಿಸಿದೆವು. ಬಾವು ಇರಬೇಕೆಂದು ಐದು ದಿನದ ಗುಳಿಗೆ ಕೊಟ್ಟರು. ಇಳಿಯಲಿಲ್ಲ. ಗುಳಿಗೆ ಬದಲಿಸಿ ಮತ್ತೆ ಏಳು ದಿನ ಕೊಟ್ಟರು. ಆಗಲೂ ಇಳಿಯಲಿಲ್ಲ. ಕಡೆಗೆ ಮ್ಯಾಮೊಗ್ರಾಫಿ ಎಂಬ ಎಕ್ಸ್‌ರೇ ಬರೆದುಕೊಟ್ಟರು. ಅದನ್ನೂ ಮಾಡಿಸಿದೆವು.

ವರದಿ ಇಂಗ್ಲಿಷಿನಲ್ಲಿತ್ತು. ಮೊದಲನೆಯ ಸಾಲು ಓದಿದೆವು: ‘ನೋ ಮಾಸ್’, ಅಂದರೆ ಗಂಟು ಕಾಣುವುದಿಲ್ಲ. ಅಷ್ಟು ಸಾಕಾಯಿತು. ಗಂಟು ಇಲ್ಲವೆಂದ ಮೇಲೆ ಕ್ಯಾನ್ಸರ್ ಇಲ್ಲ ಎಂದು ನಾವೇ ತೀರ್ಮಾನ ಮಾಡಿ ಬೀಗರಿಗೆಲ್ಲ ಫೋನ್ ಮಾಡಿ ಹೇಳಿದೆವು. ಅದರ ಕೆಳಗೆ ಇನ್ನೂ ಮೂರು ಸಾಲು ಇದ್ದವು. ಚರ್ಮ ದಪ್ಪಗಾಗಿದೆ, ಕಂಕುಳದ ಗ್ರಂಥಿ ದೊಡ್ಡದಾಗಿದೆ, ಸೋನೋಗ್ರಾಫಿ ಮಾಡಿಸಿ ವೈದ್ಯರಿಗೆ ತೋರಿಸಿರಿ ಎಂದು ಬರೆದಿತ್ತು. ಅದನ್ನು ನಾವು ಓದಲಿಲ್ಲ. ಓದಿದ್ದರೂ ಅರ್ಥವಾಗುತ್ತಿತ್ತೋ ಇಲ್ಲವೋ, ಆದರೆ ಅರ್ಥ ಕೇಳಲಿಕ್ಕೆ ವೈದ್ಯರ ಹತ್ತಿರ ಹೋಗಬಹುದಿತ್ತು. ಹೋಗಲಿಲ್ಲ.

ಅಷ್ಟರಲ್ಲಿ ದೀಪಾವಳಿ ಬಂತು. ದೀಪಾವಳಿಗೆ ನಮ್ಮೂರಲ್ಲಿ ಮಹಾಲಿಂಗರಾಯನ ಜಾತ್ರೆ. ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆಯ ಜನ ಸೇರುತ್ತಾರೆ, ಪಲ್ಲಕ್ಕಿಗಳ ಭೇಟಿಯಾಗುತ್ತದೆ, ಭಂಡಾರ ಹಾರುತ್ತದೆ. ತೆಂಗಿನಕಾಯಿ, ಉತ್ತತ್ತಿ, ಭಂಡಾರದ ವ್ಯಾಪಾರ ವರ್ಷಕ್ಕೆ ಒಮ್ಮೆ ಬರುವಂಥದ್ದು. ತಂಗಿಯೇ ಅಂದಳು: ‘ಅಣ್ಣಾ, ಜಾತ್ರಿ ಮುಗೀಲಿ, ಆಮ್ಯಾಲ ಹೋಗೂಣು. ಈಗೇನು ಗಡಬಡಿ ಐತಿ?’ ನಾವೂ ಹೂಂ ಅಂದೆವು. ಆ ವರದಿಯನ್ನು ತಿಜೋರಿಯಲ್ಲಿ ಖಾತೆ ಪುಸ್ತಕಗಳ ಕೆಳಗೆ ಇಟ್ಟೆವು. ನಿರ್ವಾಣ ಲಾಡು ಏರಿಸಿ ಬಂದು ವಹಿ ಪೂಜೆ ಮಾಡಿದ ದಿನ ಆ ಕಾಗದ ಪುಸ್ತಕಗಳ ಅಡಿಯಲ್ಲೇ ಇತ್ತು.

ಜಾತ್ರೆ ಮುಗಿದು, ಲೆಕ್ಕ ಮುಗಿದು, ಸೊಲ್ಲಾಪುರಕ್ಕೆ ಹೋಗುವ ಹೊತ್ತಿಗೆ 20 ದಿನ ಕಳೆದಿದ್ದವು. ಕೆಂಪು ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಹಬ್ಬಿತ್ತು. ಚರ್ಮ ಕಿತ್ತಳೆ ಹಣ್ಣಿನ ಸಿಪ್ಪೆಯಂತೆ ಚುಕ್ಕಿ ಚುಕ್ಕಿ ಕುಣಿ ಬಿದ್ದು ಗಟ್ಟಿಯಾಗಿತ್ತು. ಅಲ್ಲಿಯ ಡಾಕ್ಟರಬಾಯಿ ಅವಳನ್ನು ನೋಡಿದರು, ಆಮೇಲೆ ವರದಿ ಓದಿದರು, ಆಮೇಲೆ ನಮ್ಮ ಮುಖ ನೋಡಿದರು. ‘ಕಾಕಾ, ಈ ಕಾಗದ ಬಂದು ಎಷ್ಟು ದಿನ ಆಯ್ತು?’ ಎಂದು ಕೇಳಿದರು. ನಾವು ಉತ್ತರ ಹೇಳಲಿಲ್ಲ. ತಾರೀಕು ಅದರ ಮೇಲೇ ಇತ್ತು.

ಈಗ ಆ ಕಾಯಿಲೆಯ ವಿಷಯ. ಇದಕ್ಕೆ ಇಂಗ್ಲಿಷಿನಲ್ಲಿ ಇನ್‌ಫ್ಲಮೇಟರಿ ಬ್ರೆಸ್ಟ್ ಕ್ಯಾನ್ಸರ್ ಅನ್ನುತ್ತಾರೆ, ಕನ್ನಡದಲ್ಲಿ ಉರಿಯೂತದ ಸ್ತನ ಕ್ಯಾನ್ಸರ್ ಅನ್ನಬಹುದು. ಇದು ಹೊಸ ಬೇನೆಯಲ್ಲ. 1814ರಷ್ಟು ಹಿಂದೆಯೇ ಚಾರ್ಲ್ಸ್ ಬೆಲ್ ಎಂಬ ಶಸ್ತ್ರವೈದ್ಯರು ಇಂಥ ರೋಗಿಗಳ ವರ್ಣನೆ ಬರೆದಿದ್ದಾರೆ. ಅಮೇರಿಕೆಯ ಇಬ್ಬರು ವೈದ್ಯರು 1924ರಲ್ಲಿ ಇದಕ್ಕೆ ಈಗಿನ ಹೆಸರು ಕೊಟ್ಟರು. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದು ವರ್ಷಕ್ಕೆ ಸುಮಾರು 1 ಲಕ್ಷ 92 ಸಾವಿರ ಹೆಣ್ಣುಮಕ್ಕಳಿಗೆ ಸ್ತನ ಕ್ಯಾನ್ಸರ್ ಹೊಸದಾಗಿ ಕಾಣಿಸುತ್ತದೆ. ಉರಿಯೂತದ ಈ ಜಾತಿ ಅಪರೂಪದ್ದು. ಅಮೇರಿಕೆಯ ಲೆಕ್ಕದಲ್ಲಿ ಸ್ತನ ಕ್ಯಾನ್ಸರ್ ಆದ 100 ಜನರಲ್ಲಿ 1ರಿಂದ 5 ಜನಕ್ಕೆ ಮಾತ್ರ. ಆದರೆ ಬಂದರೆ ಬಿರುಸಾಗಿ ಬರುತ್ತದೆ. ಉಳಿದ ಜಾತಿಗಳು ವರ್ಷಗಟ್ಟಲೆ ಒಳಗೇ ಇದ್ದು ಒಂದು ಗಂಟಾಗಿ ಕೈಗೆ ಸಿಗುತ್ತವೆ. ಇದು ವಾರಗಳಲ್ಲಿ ಹಬ್ಬುತ್ತದೆ, ಬಹಳ ಸಲ ಗಂಟೇ ಇರುವುದಿಲ್ಲ.

ಗಂಟು ಏಕಿಲ್ಲ? ಡಾಕ್ಟರಬಾಯಿ ನಮಗೆ ತಿಳಿಯುವ ಹಾಗೆ ಹೇಳಿದರು. ಚರ್ಮದ ಒಳಗೆ ದುಗ್ಧರಸ ಹರಿಯುವ ಬಹಳ ಸಣ್ಣ ನಾಳಗಳಿವೆ, ಊರಿನ ಗಟಾರುಗಳಿದ್ದ ಹಾಗೆ. ಕ್ಯಾನ್ಸರಿನ ಕಣಗಳು ಒಂದೆಡೆ ಗುಂಪಾಗಿ ಕೂಡದೆ ಈ ನಾಳಗಳಲ್ಲಿ ಹೊಕ್ಕು ಅವನ್ನು ಕಟ್ಟಿಬಿಡುತ್ತವೆ. ಗಟಾರು ಕಟ್ಟಿದರೆ ನೀರು ಓಣಿಯಲ್ಲೇ ನಿಲ್ಲುವಂತೆ ರಸ ಅಲ್ಲೇ ನಿಂತು ಎದೆ ಊದುತ್ತದೆ, ಬಿಸಿಯಾಗುತ್ತದೆ, ಚರ್ಮ ದಪ್ಪವಾಗುತ್ತದೆ. ನೋಡುವವರಿಗೆ ಕೀವಿನ ಬಾವಿನಂತೆಯೇ ಕಾಣುತ್ತದೆ. ಇನ್ನೊಂದು ಮಾತು: ಪುಸ್ತಕದಲ್ಲಿ ಕೆಂಪು ಎಂದು ಬರೆದಿರುತ್ತದೆ, ಆದರೆ ನಮ್ಮ ಮೈಬಣ್ಣಕ್ಕೆ ಅದು ಕೆಂಪಾಗಿಯೇ ಕಾಣಬೇಕೆಂದಿಲ್ಲ. ಕಂದು, ನೇರಳೆ, ಪೆಟ್ಟು ಬಿದ್ದು ಕಂದಿದ ಹಾಗೆ ಕೂಡ ಕಾಣಬಹುದು. ಜೊತೆಗೆ ತೊಟ್ಟು ಒಳಗೆ ಸೇರುವುದು, ಒಂದು ಕಡೆಯದೇ ದೊಡ್ಡದಾಗುವುದು, ಕಂಕುಳಲ್ಲಿ ಅಥವಾ ಹೆಗಲಿನ ಎಲುಬಿನ ಹತ್ತಿರ ಗ್ರಂಥಿ ತಗಲುವುದು, ಇವೆಲ್ಲ ಲಕ್ಷಣ.

ಇದನ್ನು ಗುರುತಿಸಲು ಯಂತ್ರಗಳು ಯಾವ ಕೆಲಸ ಮಾಡುತ್ತವೆ, ಯಾವ ಕೆಲಸ ಮಾಡುವುದಿಲ್ಲ ಎಂಬುದನ್ನು ಪ್ರತಿ ಮನೆಯ ಯಜಮಾನ ತಿಳಿದಿರಬೇಕು. ಏಕೆಂದರೆ ನಮ್ಮ ಮನೆಗಳಲ್ಲಿ ಆಸ್ಪತ್ರೆಗೆ ಯಾವಾಗ ಹೋಗಬೇಕೆಂದು ಹೇಳುವವನು ಅವನೇ.

ಮೊದಲನೆಯದು ಮ್ಯಾಮೊಗ್ರಾಫಿ. ರೋಂಟ್‌ಜೆನ್ ಸಾಹೇಬರು ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. 1913ರಲ್ಲಿ ಬರ್ಲಿನ್ ನಗರದ ಆಲ್ಬರ್ಟ್ ಸಾಲೊಮನ್ ಎಂಬ ಶಸ್ತ್ರವೈದ್ಯರು ಶಸ್ತ್ರಕ್ರಿಯೆಯಲ್ಲಿ ತೆಗೆದ ಸುಮಾರು 3,000 ಸ್ತನಗಳ ಎಕ್ಸ್‌ರೇ ತೆಗೆದು ಈ ವಿದ್ಯೆಗೆ ಅಡಿಪಾಯ ಹಾಕಿದರು. ಎರಡು ಹಲಗೆಗಳ ನಡುವೆ ಒತ್ತಿ ಹಿಡಿದು ಚಿತ್ರ ತೆಗೆಯುತ್ತಾರೆ. ಕ್ಷಣಹೊತ್ತು ನೋವಾಗುತ್ತದೆ, ಬಾತಿದ್ದರೆ ಸ್ವಲ್ಪ ಹೆಚ್ಚೇ ಆಗುತ್ತದೆ, ಆದರೆ ತಡೆಯಬಹುದು. ಎರಡೂ ಕಡೆಯದನ್ನು ತೆಗೆಯಲೇಬೇಕು, ಒಂದಕ್ಕೊಂದು ಹೋಲಿಸಿದಾಗಲೇ ಫರಕು ತಿಳಿಯುವುದು. ಮಾಮೂಲಿ ಕ್ಯಾನ್ಸರಿನಲ್ಲಿ ಇದು ಗಂಟನ್ನೋ ಸುಣ್ಣದ ಸಣ್ಣ ಕಣಗಳನ್ನೋ ತೋರಿಸುತ್ತದೆ. ಉರಿಯೂತದ ಜಾತಿಯಲ್ಲಿ ಅದು ತೋರಿಸುವುದು ಬೇರೆ: ಚರ್ಮ ದಪ್ಪವಾದದ್ದು, ಇಡೀ ಎದೆ ಮೋಡ ಕವಿದಂತೆ ಬೆಳ್ಳಗಾದದ್ದು, ಒಳಗಿನ ಎಳೆಗಳು ಒರಟಾದದ್ದು, ಕಂಕುಳದ ಗ್ರಂಥಿ ಬೆಳೆದದ್ದು. ಆದ್ದರಿಂದ ‘ಗಂಟು ಇಲ್ಲ’ ಎಂಬ ಒಂದು ಸಾಲು ಅಭಯಪತ್ರವಲ್ಲ. ವರದಿಯನ್ನು ಕಡೆಯ ಸಾಲಿನ ತನಕ ಓದಿಸಿಕೊಳ್ಳಬೇಕು. ಹುಂಡಿಯ ಕಾಗದವನ್ನು ಮೊದಲ ಸಾಲು ನೋಡಿ ಸಹಿ ಮಾಡುವವರು ನಮ್ಮಲ್ಲಿ ಯಾರೂ ಇಲ್ಲ. ಮನೆಯವರ ಜೀವದ ಕಾಗದವನ್ನು ಹಾಗೆ ನೋಡಿದೆವು.

ಎಕ್ಸ್‌ರೇಯಿಂದಲೇ ಕ್ಯಾನ್ಸರ್ ಬರುತ್ತದಂತೆ ಎಂದು ಕೆಲವರು ಹೆದರುತ್ತಾರೆ. ಮಣ್ಣಿನಿಂದ, ಆಕಾಶದಿಂದ ಎಲ್ಲರ ಮೈಗೂ ದಿನಾಲೂ ಸ್ವಲ್ಪ ಕಿರಣ ಸೋಕುತ್ತಲೇ ಇರುತ್ತದೆ. ಒಂದು ಸಲದ ಮ್ಯಾಮೊಗ್ರಾಫಿಯಲ್ಲಿ ತಗಲುವುದು ಹಾಗೆ ಸುಮಾರು ಏಳು ವಾರದಲ್ಲಿ ಸೋಕುವಷ್ಟೇ.

ಎರಡನೆಯದು ಸೋನೋಗ್ರಾಫಿ. ಇದರಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ, ಕಿವಿಗೆ ಕೇಳದ ಶಬ್ದದ ಅಲೆಗಳಿಂದ ಚಿತ್ರ ಮೂಡುತ್ತದೆ. 1994ರ ಕಾಯ್ದೆಯಂತೆ ಈ ಕೇಂದ್ರಗಳ ಗೋಡೆಯ ಮೇಲೆಲ್ಲ ಗರ್ಭದ ಲಿಂಗ ಹೇಳುವುದಿಲ್ಲ ಎಂಬ ಫಲಕ ಇರುತ್ತದೆ. ಅದನ್ನು ನೋಡಿ ನಮ್ಮ ಹಿರಿಯ ಹೆಣ್ಣುಮಕ್ಕಳು ಇದು ಬಸುರಿಯರ ಯಂತ್ರ, ನಮಗೇಕೆ ಅನ್ನುತ್ತಾರೆ. ನಮ್ಮ ತಂಗಿಯೂ ಹಾಗೇ ಅಂದಳು. ಈ ಬೇನೆಯಲ್ಲಿ ಅದರ ಉಪಯೋಗ ದೊಡ್ಡದು. ಒಳಗೆ ಕೀವು ಕಟ್ಟಿದೆಯೋ ಇಲ್ಲವೋ ತಿಳಿಯುತ್ತದೆ. ಚರ್ಮದ ದಪ್ಪ, ಉಬ್ಬಿದ ನಾಳ, ಕಂಕುಳದ ಗ್ರಂಥಿ ಕಾಣುತ್ತವೆ. ಮ್ಯಾಮೊಗ್ರಾಫಿಯಲ್ಲಿ ಅಡಗಿದ ಗಂಟು ಇಲ್ಲಿ ಸಿಗುವುದೂ ಉಂಟು. ಎಲ್ಲಕ್ಕಿಂತ ಹೆಚ್ಚಾಗಿ, ಸೂಜಿ ಎಲ್ಲಿ ಹಾಕಬೇಕೆಂದು ಇದು ದಾರಿ ತೋರಿಸುತ್ತದೆ.

ಸೂಜಿಯ ಪರೀಕ್ಷೆಯೇ ಬಯಾಪ್ಸಿ. ಇದು ನಮ್ಮ ವ್ಯಾಪಾರಸ್ಥರಿಗೆ ಬೇಗ ತಿಳಿಯುವ ಮಾತು. ಮಂಗಳವೇಢೆಯ ಪೇಟೆಯಲ್ಲಿ ಜೋಳದ ಚೀಲ ಕೊಳ್ಳುವಾಗ ಹೊರಗಿನಿಂದ ನೋಡುತ್ತೇವೆ, ತಟ್ಟುತ್ತೇವೆ, ಮೂಸುತ್ತೇವೆ. ಆದರೆ ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ಅಂಗೈ ಮೇಲೆ ಸುರುವಿಕೊಳ್ಳದೆ ಧಾರಣೆ ಹೇಳುವುದಿಲ್ಲ. ಯಂತ್ರಗಳ ಚಿತ್ರವೆಲ್ಲ ಹೊರಗಿನಿಂದ ನೋಡಿದ ಹಾಗೆ. ಮಾಂಸದ ಚೂರು ಮತ್ತು ಚರ್ಮದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಪಕ್ಕಾ. ಯಾವ ಔಷಧ ನಾಟುತ್ತದೆ ಎಂಬುದೂ ಅದೇ ಚೂರಿನ ಪರೀಕ್ಷೆಯಿಂದ ತಿಳಿಯುತ್ತದೆ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಎಂಬ ಮಾತು ಊರೂರಲ್ಲಿ ಇದೆ. ಆ ಭಯಕ್ಕೆ ಬಯಾಪ್ಸಿ ತಪ್ಪಿಸುವುದು ತಪ್ಪು. ಚುಚ್ಚದೆ ಬಿಟ್ಟ ರೋಗವೇ ಹರಡುತ್ತದೆ.

ಮೂರನೆಯದು ಎಂ.ಆರ್.ಐ. ಇದರಲ್ಲಿಯೂ ಎಕ್ಸ್‌ರೇ ಇಲ್ಲ, ದೊಡ್ಡ ಅಯಸ್ಕಾಂತದ ಯಂತ್ರ. ಬೋರಲಾಗಿ ಮಲಗಿಸಿ, ಕೈಗೆ ಒಂದು ಔಷಧದ ಸೂಜಿ ಕೊಟ್ಟು ಚಿತ್ರ ತೆಗೆಯುತ್ತಾರೆ. ಮೇಲಿನ ಎರಡರಲ್ಲಿ ಮೂಲ ಗಂಟು ಸಿಗದಿದ್ದಾಗ ಎಷ್ಟೋ ಸಲ ಇದರಲ್ಲಿ ಸಿಗುತ್ತದೆ. ಎಲ್ಲರಿಗೂ ಬೇಕಾಗುವುದಿಲ್ಲ, ವೈದ್ಯರು ಬೇಕೆಂದರೆ ಮಾಡಿಸಬೇಕು. ಒಳಗೆ ಹೋಗುವ ಮುಂಚೆ ಮೈಮೇಲಿನ ಲೋಹವೆಲ್ಲ ತೆಗೆಯಬೇಕು, ಮಂಗಳಸೂತ್ರ ಮತ್ತು ಕಾಲುಂಗುರ ಸಹ. ಆ ಕಾರಣಕ್ಕೆ ಬಾಗಿಲ ತನಕ ಹೋಗಿ ತಿರುಗಿ ಬಂದ ಒಬ್ಬ ಮುತ್ತೈದೆಯನ್ನು ನಾವು ಅಲ್ಲೇ ಕಂಡೆವು. ಅವರ ಅತ್ತೆಯವರು ಒಂದು ಮಾತು ‘ತೆಗಿಯವಾ, ಏನೂ ಆಗೂದಿಲ್ಲ’ ಅಂದಿದ್ದರೆ ಸಾಕಿತ್ತು. ಅತ್ತೆಯವರಾದ ವಾಚಕಿಯರು ಈ ಮಾತು ನೆನಪಿಡಬೇಕು.

ನಾಲ್ಕನೆಯದು ಪೆಟ್-ಸಿ.ಟಿ. ಕ್ಯಾನ್ಸರಿನ ಕಣಗಳಿಗೆ ಸಕ್ಕರೆಯ ಹಸಿವು ಹೆಚ್ಚು. ಸಕ್ಕರೆಯಂಥ ಒಂದು ವಸ್ತುವಿಗೆ ಸ್ವಲ್ಪ ಕಿರಣ ಬೀರುವ ಗುಣ ಸೇರಿಸಿ ನರಕ್ಕೆ ಕೊಡುತ್ತಾರೆ. ರೋಗ ಎಲ್ಲಿದೆಯೋ ಅಲ್ಲಿ ಅದು ಹೆಚ್ಚು ಕೂಡಿ ಚಿತ್ರದಲ್ಲಿ ದೀಪದಂತೆ ಕಾಣುತ್ತದೆ. ಎಲುಬು, ಲಿವರ್, ಶ್ವಾಸಕೋಶಕ್ಕೆ ಹೋಗಿದೆಯೋ ಎಂದು ತಿಳಿಯಲು ಇದು. ಈ ಜಾತಿಯಲ್ಲಿ ಗುರುತು ಸಿಗುವ ಹೊತ್ತಿಗೇ ಸುಮಾರು ಮೂರರಲ್ಲಿ ಒಬ್ಬರಿಗೆ ರೋಗ ದೂರ ಹೋಗಿರುತ್ತದೆ, ಆದ್ದರಿಂದ ಇಡೀ ಮೈ ನೋಡುವುದು ಅವಶ್ಯ. ಆರು ತಾಸು ಉಪವಾಸ ಇರಬೇಕು. ಉಪವಾಸ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ, ಆದರೆ ಸಕ್ಕರೆ ಕಾಯಿಲೆ ಇದ್ದವರು ಮೊದಲೇ ಹೇಳಿಕೊಳ್ಳಬೇಕು.

ಇಷ್ಟೆಲ್ಲ ಯಂತ್ರ ಇದ್ದರೂ ಮೊದಲ ಗುರುತು ಕಣ್ಣಿನದು ಮತ್ತು ಕೈಯದು. ಈ ಕಾಯಿಲೆಗೆ ಹೆಸರು ಕೊಡುವವರು ರೋಗಿಯನ್ನು ಮುಟ್ಟಿ ನೋಡಿದ ವೈದ್ಯರೇ. ಬೇಗ ಬಂದ ಕೆಂಪು, ಮೂರರಲ್ಲಿ ಒಂದು ಭಾಗಕ್ಕಾದರೂ ಹಬ್ಬಿದ್ದು, ಊತ, ಸಿಪ್ಪೆಯಂಥ ಚರ್ಮ, ಇವನ್ನು ಅವರು ನೋಡಬೇಕು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಸಿಗಬೇಕು. ಮನೆಯವರು ಸೀರೆಯ ಸೆರಗಿನಲ್ಲಿ ಮುಚ್ಚಿಟ್ಟರೆ ಯಾವ ಯಂತ್ರವೂ ಏನೂ ಮಾಡಲಾರದು.

ನಮ್ಮ ತಂಗಿಗೆ ಮೊದಲು ಕೀಮೋ, ಆಮೇಲೆ ಶಸ್ತ್ರಕ್ರಿಯೆ, ಆಮೇಲೆ ಕಿರಣ ಚಿಕಿತ್ಸೆ ಆಯಿತು. ಈ ಜಾತಿಗೆ ಇದೇ ಕ್ರಮ, ಮೊದಲೇ ಕತ್ತರಿ ಹಾಕುವಂತಿಲ್ಲ. ನಡುವೆ ಮತ್ತೆ ಚಿತ್ರ ತೆಗೆದು ಔಷಧ ಎಷ್ಟು ನಾಟಿದೆ ಎಂದು ನೋಡಿದರು. ರಾತ್ರಿ ಊಟದ ತ್ಯಾಗ ಇದ್ದ ಕಾರಣ ಗುಳಿಗೆಯ ಹೊತ್ತಿನ ಬಗ್ಗೆ ಅವಳಿಗೆ ಚಿಂತೆ ಇತ್ತು. ಬಾಯಿಬಿಟ್ಟು ಕೇಳಿದಾಗ ವೈದ್ಯರು ಸೂರ್ಯಾಸ್ತದ ಒಳಗೇ ಹೊಂದಿಸಿಕೊಟ್ಟರು. ಕೀಮೋ ನಡೆದಾಗ ಮಾತ್ರ ಕೇಳದೆ ಉಪವಾಸ ಮಾಡಬಾರದೆಂದು ಖಡಾಖಂಡಿತ ಹೇಳಿದರು. ಅವಳು ಕೇಳಿದಳು. 2021ರಲ್ಲಿ ಮಗಳ ಅಕ್ಷತೆ ಕಣ್ತುಂಬ ನೋಡಿದಳು. 2022ರಲ್ಲಿ ಶಾಂತಿಯಿಂದ ಹೊರಟುಹೋದಳು. 20 ದಿನ ಮೊದಲು ಹೋಗಿದ್ದರೆ ಇನ್ನೂ ಬದುಕುತ್ತಿದ್ದಳೇ ಎಂದು ನಾವು ಡಾಕ್ಟರಬಾಯಿಯನ್ನು ಕೇಳಿದ್ದೆವು. ‘ಅದನ್ನ ಯಾರೂ ಹೇಳಾಕ ಬರೂದಿಲ್ಲ ಕಾಕಾ. ಆದರ ಈ ಬ್ಯಾನಿಯೊಳಗ ವಾರಕ್ಕೂ ಕಿಮ್ಮತ್ತು ಐತಿ’ ಅಂದರು. ಕರ್ಮದ ಫಲ ಎಂದು ಸಮಾಧಾನ ಹೇಳಿದವರು ಬಹಳ. ಅವಳ ಕರ್ಮ ಅವಳದು. ಕಾಗದ ತಿಜೋರಿಯಲ್ಲಿ ಇಟ್ಟದ್ದು ಮಾತ್ರ ನಮ್ಮ ಕೈ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು, ಇಲ್ಲವಾದರೆ ವಾಚಕಿಯರು ಬರೀ ಹೆದರುತ್ತೀರಿ. 2024ರಲ್ಲಿ ಅದೇ ತಂಗಿಯ ಮಗಳು ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು. ಕೂಸಿಗೆ ಒಂದೂವರೆ ತಿಂಗಳು. ಒಂದು ದಿನ ಬೆಳಿಗ್ಗೆ ಅವಳು ನೇರ ಅಂಗಡಿಗೇ ಬಂದಳು. ಗಿರಾಕಿಗಳು ನಿಂತಿದ್ದರು. ‘ಮಾಮಾ, ಎದಿ ಕೆಂಪಾಗೇದ, ಜ್ವರಾನೂ ಅದಾವ. ನಾಳೆ ಬ್ಯಾಡ, ಇವತ್ತ ಹೋಗೂಣು’ ಅಂದಳು. ತಕ್ಕಡಿ ಅಲ್ಲೇ ಬಿಟ್ಟು ಎದ್ದೆವು. ಸೊಲ್ಲಾಪುರದಲ್ಲಿ ಅದೇ ದಿನ ಸೋನೋಗ್ರಾಫಿ ಆಯಿತು. ಒಳಗೆ ನಿಂಬೆಹಣ್ಣಿನಷ್ಟು ಕೀವು ಕಟ್ಟಿತ್ತು. ಯಂತ್ರದಲ್ಲಿ ನೋಡುತ್ತಲೇ ಸೂಜಿಯಿಂದ ಎಳೆದು ತೆಗೆದರು, ಗುಳಿಗೆ ಕೊಟ್ಟರು. ಎರಡು ವಾರಕ್ಕೆ ಮತ್ತೆ ಕರೆದು ನೋಡಿದರು, ಪೂರ್ತಿ ಆರಿತ್ತು. ಹಾಲೂಡಿಸುವ ತಾಯಂದಿರಲ್ಲಿ ಇಂಥ ಬಾವೇ ಹೆಚ್ಚು, ಕ್ಯಾನ್ಸರ್ ಬಹಳ ಕಡಿಮೆ. ಹೊರಗಿನಿಂದ ತಾಯಿಗೂ ಮಗಳಿಗೂ ಕಂಡದ್ದು ಒಂದೇ ಬಗೆಯ ಕೆಂಪು. ಒಳಗೆ ಇದ್ದದ್ದು ಬೇರೆ ಬೇರೆ. ಬೇಗ ಹೋದದ್ದರಿಂದ ಮಗಳಿಗೆ ಒಂದು ದಿನದಲ್ಲಿ ಧೈರ್ಯ ಸಿಕ್ಕಿತು.

ನಮ್ಮ ಸೊಲ್ಲಾಪುರ ಜಿಲ್ಲೆಗೆ ಈ ವಿಷಯದಲ್ಲಿ ಒಂದು ಹೆಮ್ಮೆಯೂ ಇದೆ. ಹಳ್ಳಿಗಳ ಕ್ಯಾನ್ಸರ್ ರೋಗಿಗಳ ಲೆಕ್ಕ ಇಡುವ ನೋಂದಣಿ ದೇಶದಲ್ಲೇ ಮೊದಲು ಶುರುವಾದದ್ದು ನಮ್ಮ ಬಾರ್ಶಿಯಲ್ಲಿ, 1987ರಲ್ಲಿ. ಅಲ್ಲಿಯ ನರ್ಗಿಸ್ ದತ್ತ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಮತ್ತು ಮುಂಬಯಿಯ ಟಾಟಾ ಆಸ್ಪತ್ರೆಯವರ ಕೆಲಸ ಅದು. ಕಾರ್ಯಕರ್ತರು ಹಳ್ಳಿ ಹಳ್ಳಿಗೆ ಹೋಗಿ, ಲಕ್ಷಣ ಕಂಡರೆ ಮುಚ್ಚಿಡಬೇಡಿರಿ ಎಂದು ಹೆಣ್ಣುಮಕ್ಕಳಿಗೆ ತಿಳಿಸಿ ಹೇಳಿದರು. ಅಷ್ಟರಿಂದಲೇ ಗರ್ಭಕೊರಳಿನ ಕ್ಯಾನ್ಸರಿನವರು ಮೊದಲಿಗಿಂತ ಬೇಗ ಆಸ್ಪತ್ರೆಗೆ ಬರತೊಡಗಿದರು ಎಂಬುದು ಅವರ ಲೆಕ್ಕದಲ್ಲಿ ಕಂಡಿದೆ. ಬಾಯಿ ಮಾತಿಗೆ ಇಷ್ಟು ಬಲ ಇದೆ ಎಂದ ಮೇಲೆ ನಮ್ಮ ಮಹಿಳಾ ಮಂಡಳಗಳು ಪೂಜೆ ಮುಗಿದ ಮೇಲೆ ಬಸದಿಯ ಸಭಾಮಂಟಪದಲ್ಲಿ ಹತ್ತು ನಿಮಿಷ ಈ ಮಾತು ಆಡಬಾರದೇಕೆ?

ಖರ್ಚಿನ ಅಂಜಿಕೆ ಇರುವವರಿಗೆ: ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ, ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಇವೆ. ಆಸ್ಪತ್ರೆಯ ಬಾಗಿಲಲ್ಲಿ ಆರೋಗ್ಯಮಿತ್ರ ಎಂಬವರು ಕೂತಿರುತ್ತಾರೆ. ರೇಶನ್ ಕಾರ್ಡ್, ಆಧಾರ್ ಕಾರ್ಡ್ ಒಯ್ದು ಮೊದಲು ಅವರನ್ನು ಕೇಳಬೇಕು. ಉಳ್ಳವರು ಇಲ್ಲದವರಿಗೆ ಮಾಡುವ ಚತುರ್ವಿಧ ದಾನದಲ್ಲಿ ಔಷಧ ದಾನ ಇದ್ದೇ ಇದೆ. ಬಡ ಸಾಧರ್ಮಿ ಸಹೋದರಿಗೆ ಒಂದು ಸೋನೋಗ್ರಾಫಿ ಮಾಡಿಸಿಕೊಟ್ಟರೂ ಅದು ಅದೇ ದಾನ.

ಕಡೆಗೆ ನಾವು ಪಾಠ ಕಲಿತ ನಾಲ್ಕು ಮಾತು, ಕತ್ತರಿಸಿ ದೇವರ ಕೋಣೆಯ ಬಾಗಿಲಿಗೆ ಅಂಟಿಸಿದರೂ ಸರಿ:

1. ಎದೆ ಕೆಂಪಾಗಿ ಊದಿದರೆ ಅದೇ ವಾರ ವೈದ್ಯರಿಗೆ ತೋರಿಸಿರಿ. ಗಂಟು ಇಲ್ಲ, ನೋವು ಇಲ್ಲ ಎಂದು ಕೂಡಬೇಡಿರಿ.

2. ಬಾವಿನ ಗುಳಿಗೆ ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಇಳಿಯದಿದ್ದರೆ ಗುಳಿಗೆ ಬದಲಿಸುತ್ತಾ ಕೂಡದೆ ಮ್ಯಾಮೊಗ್ರಾಫಿ, ಸೋನೋಗ್ರಾಫಿ, ಬಯಾಪ್ಸಿ ಬೇಕೇ ಎಂದು ನೀವಾಗಿ ಕೇಳಿರಿ. ಹಾಲೂಡಿಸುವ ತಾಯಿಗೂ ಇದೇ ಮಾತು.

3. ವರದಿ ಬಂದ ದಿನವೇ ಅದನ್ನು ಬರೆದುಕೊಟ್ಟ ವೈದ್ಯರ ಕೈಗೆ ಮುಟ್ಟಿಸಿರಿ. ಹಳೆಯ ಫಿಲ್ಮು, ಹಳೆಯ ಕಾಗದ ಒಂದೂ ಬಿಸಾಡಬೇಡಿರಿ, ಹೋದಲ್ಲೆಲ್ಲ ಒಯ್ಯಿರಿ.

4. ಮನೆಯ ಹೆಣ್ಣುಮಕ್ಕಳು ನಾಚಿಕೆಯಿಲ್ಲದೆ ಹೇಳಿಕೊಳ್ಳುವಷ್ಟು ಸಲುಗೆಯನ್ನು ಗಂಡಸರು ಕೊಡಬೇಕು. ಹೇಳಿದ ಮೇಲೆ ಹಬ್ಬ, ಜಾತ್ರೆ, ಸುಗ್ಗಿ ಎಂದು ಮುಂದೂಡಬಾರದು.

ಜಾತ್ರೆ ಪ್ರತಿ ವರ್ಷ ಬರುತ್ತದೆ. ಈ ವರ್ಷದ ದೀಪಾವಳಿಗೂ ಬರುತ್ತದೆ, ನಾವೂ ಅಂಗಡಿ ಹಾಕುತ್ತೇವೆ. ನಮ್ಮ ಸೊಸೆಯಂದಿರಿಗೆ, ಹೆಣ್ಣುಮಕ್ಕಳಿಗೆ ಈಗ ಹೇಳಿಟ್ಟಿದ್ದೇವೆ: ಗಿರಾಕಿ ಎಷ್ಟೇ ಇರಲಿ, ಮೈಗೆ ಏನಾದರೂ ಆದರೆ ಅಂಗಡಿಗೇ ಬಂದು ಹೇಳಿರಿ.

ವಾಚಕರು ತಮ್ಮ ಊರಿನ ಅನುಭವ ಬರೆದು ತಿಳಿಸಬೇಕು. ಮುಂದಿನ ತಿಂಗಳು ಮತ್ತೆ ಕಟ್ಟೆಯ ಮೇಲೆ ಕೂಡೋಣ. ಜಯ ಜಿನೇಂದ್ರ.